ಕಾದಂಬರಿಯನ್ನು ಬಚ್ಚಿಟ್ಟು ಓದಬೇಕೇ?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಭೆಗಳಲ್ಲಿ ಚರ್ಚೆಯಾಗುವ ವಿಷಯಗಳು ತಮಗೆಲ್ಲ ತಿಳಿದಿವೆ. ಶಿಕ್ಷಣ, ಮೀಸಲಾತಿ, ವಕ್ಫ್ ಆಸ್ತಿ, ವರದಕ್ಷಿಣೆಯ ಪಿಡುಗು, ಯುವಕರ ನಿರುದ್ಯೋಗ. ಇವೆಲ್ಲ ಚರ್ಚೆಯಾಗಲೇಬೇಕಾದ ವಿಷಯಗಳು. ಆದರೆ ಕಾದಂಬರಿಯ ಬಗ್ಗೆ ಮಾತಾಡಲು ನಮ್ಮಲ್ಲಿ ಯಾರೂ ವೇದಿಕೆ ಕಟ್ಟುವುದಿಲ್ಲ. ಅದು ಹೊತ್ತು ಕಳೆಯುವವರ ಚಟ ಎಂಬುದು ಕೆಲವರ ಅಭಿಪ್ರಾಯ. ಅದು ಮನಸ್ಸನ್ನು ಕೆಡಿಸುವ ಪಾಪ ಎಂಬುದು ಇನ್ನು ಕೆಲವರ ನಂಬಿಕೆ.

ಮಗ್ರಿಬ್ ನಮಾಝಿನ ಬಳಿಕ ನಮ್ಮ ಮನೆಗಳ ನಡುಕೋಣೆಯನ್ನೊಮ್ಮೆ ಕಲ್ಪಿಸಿಕೊಳ್ಳಿ. ಟಿವಿಯಲ್ಲಿ ಅತ್ತೆ ಸೊಸೆಯರ ಜಗಳ ನಡೆಯುತ್ತಿರುತ್ತದೆ. ಒಬ್ಬೊಬ್ಬರ ಕೈಯಲ್ಲೂ ಮೊಬೈಲು, ಅದರಲ್ಲಿ ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ದೃಶ್ಯ. ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅದೇ ಮನೆಯ ಮಗಳು ಮುನ್ನೂರು ಪುಟದ ಕಾದಂಬರಿಯೊಂದನ್ನು ಹಿಡಿದು ಮೂಲೆಯಲ್ಲಿ ಕುಳಿತರೆ ವಿಚಾರಣೆ ಆರಂಭವಾಗುತ್ತದೆ. ಇದು ಪಠ್ಯಪುಸ್ತಕವೇ? ಇದರಿಂದ ಅಂಕ ಸಿಗುತ್ತದೆಯೇ? ಹಾಗಾಗಿ ಮಕ್ಕಳು ಕಾದಂಬರಿಯನ್ನು ಪಠ್ಯಪುಸ್ತಕದ ಒಳಗೆ ಬಚ್ಚಿಟ್ಟು ಓದುವುದನ್ನು ಕಲಿಯುತ್ತಾರೆ.

ಇದು ಸರಿಯಲ್ಲ ಎಂಬುದೇ ಇಂದು ನಾನು ಹೇಳಬೇಕೆಂದಿರುವ ಮಾತು. ಒಳ್ಳೆಯ ಕಾದಂಬರಿಗೆ ನಮ್ಮ ಮನೆಯಲ್ಲಿ ಮರ್ಯಾದೆಯ ಸ್ಥಾನವಿರಬೇಕು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬ ವಿವೇಚನೆ ಬೇಕೆಂಬುದು ನಿಜ. ಆದರೆ ಆ ವಿವೇಚನೆ ಓದುವವರಿಗಷ್ಟೇ ದಕ್ಕುತ್ತದೆ.

ಇಸ್ಲಾಮ್ ಮತ್ತು ಕಥೆ

ಕಥೆ ಕೇಳುವುದು ಮನುಷ್ಯನ ಪ್ರಕೃತಿ. ಆ ಪ್ರಕೃತಿಯನ್ನು ಸೃಷ್ಟಿಸಿದವನು ಅದನ್ನು ಕಡೆಗಣಿಸಿಲ್ಲ. ಪವಿತ್ರ ಕುರ್‌ಆನಿನ 12ನೆಯ ಅಧ್ಯಾಯ ಯೂಸುಫ್. 111 ಸೂಕ್ತಗಳ ಈ ಅಧ್ಯಾಯವು ತಾನು ಹೇಳಲಿರುವ ವೃತ್ತಾಂತವನ್ನು ಅತ್ಯುತ್ತಮ ಕಥನವೆಂದು ಆರಂಭದಲ್ಲೇ ಪರಿಚಯಿಸುತ್ತದೆ. ಬಾಲಕನೊಬ್ಬ ಒಂದು ಕನಸು ಕಾಣುತ್ತಾನೆ. ಆ ಕನಸಿನ ಅರ್ಥವೇನೆಂದು ತಿಳಿಯುವುದಕ್ಕೆ ಮುನ್ನ ನಾವು ಬಾವಿಯೊಂದರ ಕತ್ತಲು, ಪ್ರಯಾಣಿಕರ ತಂಡ, ಈಜಿಪ್ಟಿನ ಅಧಿಕಾರಿಯ ಮನೆ ಮತ್ತು ಸೆರೆಮನೆಯನ್ನು ದಾಟಬೇಕಾಗುತ್ತದೆ. ಆ ಬಾಲಕ ನಾಡಿನ ಭಂಡಾರದ ಅಧಿಪತಿಯಾಗುತ್ತಾನೆ, ತನ್ನನ್ನು ಬಾವಿಗೆ ತಳ್ಳಿದ ಅಣ್ಣಂದಿರು ಬರಗಾಲದಲ್ಲಿ ಅವನೆದುರೇ ಧಾನ್ಯಕ್ಕಾಗಿ ಬಂದು ನಿಲ್ಲುತ್ತಾರೆ. ಮೊದಲು ಕಂಡ ಕನಸು ಕೊನೆಯಲ್ಲಿ ನನಸಾಗುತ್ತದೆ. ಈ ಕಥನದಲ್ಲಿ ಅಂಗಿಯೊಂದು ಮೂರು ಬಾರಿ ಬರುತ್ತದೆ. ಮೊದಲು ಸುಳ್ಳು ರಕ್ತ ಹಚ್ಚಿದ ಅಂಗಿ. ಬಳಿಕ ಹಿಂದಿನಿಂದ ಹರಿದು, ತೊಟ್ಟವನ ನಿರಪರಾಧಿತ್ವವನ್ನು ಸಾಬೀತುಪಡಿಸಿದ ಅಂಗಿ. ಕೊನೆಗೆ ಅತ್ತು ಅತ್ತು ಕಣ್ಣು ಕಳೆದುಕೊಂಡ ತಂದೆಗೆ ದೃಷ್ಟಿ ಮರಳಿಸಿದ ಅಂಗಿ.

ಮುಂದೇನಾಗುವುದೋ ಎಂಬ ಕುತೂಹಲವಿಲ್ಲದೆ ಈ ಅಧ್ಯಾಯವನ್ನು ಓದಲು ಯಾರಿಗಾದರೂ ಸಾಧ್ಯವೇ? ಇಲ್ಲಿ ಬರುವವರೆಲ್ಲ ನಮಗೆ ಪರಿಚಿತರು. ತಂದೆಯ ಪ್ರೀತಿಯಲ್ಲಿ ತಮಗೆ ಪಾಲು ಕಡಿಮೆಯಾಯಿತೆಂದು ಕುದಿಯುವ ಸಹೋದರರು, ದುಃಖವನ್ನು ಸಹನೆಯಿಂದ ನುಂಗುವ ವೃದ್ಧ ತಂದೆ, ಬಿಡುಗಡೆಯಾದೊಡನೆ ಉಪಕಾರವನ್ನು ಮರೆತ ಜೊತೆ ಕೈದಿ. ಆಸ್ತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಅಣ್ಣತಮ್ಮಂದಿರು ನಮ್ಮ ಊರುಗಳಲ್ಲಿಲ್ಲವೇ? ಕುರ್‌ಆನಿನ ಕಥನ ಸತ್ಯ, ಕಾದಂಬರಿ ಕಲ್ಪನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲು ನಾನು ಹೊರಟಿಲ್ಲ. ಬರಿಯ ಉಪದೇಶ ತಟ್ಟದ ಹೃದಯದ ಬಾಗಿಲನ್ನು ಕಥೆ ತಟ್ಟುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಉದಾಹರಣೆಯನ್ನು ನೋಡಿ. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ಉಮ್ಮು ಝರ್ ಎಂಬಾಕೆಯ ಪ್ರಸಿದ್ಧ ವೃತ್ತಾಂತವಿದೆ. ಹನ್ನೊಂದು ಮಂದಿ ಸ್ತ್ರೀಯರು ಒಂದೆಡೆ ಕುಳಿತು, ತಮ್ಮ ತಮ್ಮ ಗಂಡಂದಿರ ಬಗ್ಗೆ ಏನನ್ನೂ ಮುಚ್ಚಿಡದೆ ಹೇಳುವುದೆಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಒಬ್ಬಳು ಹೊಗಳುತ್ತಾಳೆ, ಇನ್ನೊಬ್ಬಳು ದೂರುತ್ತಾಳೆ, ಮತ್ತೊಬ್ಬಳಿಗೆ ಬಾಯಿ ಬಿಡಲೂ ಹೆದರಿಕೆ. ಹನ್ನೊಂದನೆಯವಳೇ ಉಮ್ಮು ಝರ್. ಅವಳನ್ನು ಪ್ರೀತಿಯಿಂದ ನೋಡಿಕೊಂಡಿದ್ದ ಗಂಡ ಬಳಿಕ ವಿಚ್ಛೇದನ ನೀಡಿ ಬೇರೊಬ್ಬಳನ್ನು ಮದುವೆಯಾದ. ಅವಳಿಗೂ ಉದಾರಿಯಾದ ಇನ್ನೊಬ್ಬ ಗಂಡ ಸಿಕ್ಕಿದ. ಆದರೂ ಅವಳ ಮನಸ್ಸು ಹಳೆಯ ಮನೆಯನ್ನು ಮರೆಯಲಿಲ್ಲ. ಈ ದೀರ್ಘ ಕಥೆಯನ್ನು ಹೇಳಿದವರು ಹ. ಆಯಿಶಾ(ರ). ಕುಳಿತು ಕೇಳಿದವರು ಪ್ರವಾದಿ ಮುಹಮ್ಮದ್(ಸ)ರು. ಸಮುದಾಯವೊಂದರ ಸಕಲ ಹೊಣೆಯನ್ನು ಹೊತ್ತಿದ್ದ ಪ್ರವಾದಿವರ್ಯರು(ಸ) ಪತ್ನಿಯ ಕಥೆಯನ್ನು ನಡುವೆ ತಡೆಯದೆ ಕೇಳಿದರು. ತಾನು ಆಕೆಯ ಪಾಲಿಗೆ, ಉಮ್ಮು ಝರ್‌ಳ ಪಾಲಿಗೆ ಅಬೂ ಝರ್ ಇದ್ದಂತೆ ಎಂದು ಪ್ರೀತಿಯಿಂದ ಉತ್ತರಿಸಿದರು. ಮನೆಯಲ್ಲಿ ಕಥೆ ಕೇಳಲು ತಮಗೆ ಬಿಡುವಿಲ್ಲ ಎನ್ನುವ ಗಂಡಸರು ಈ ಹದೀಸನ್ನು ಮತ್ತೊಮ್ಮೆ ಓದಬೇಕು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮಕ್ಕಾದ ನಝ್ರ್ ಬಿನ್ ಹಾರಿಸ್ ಪರ್ಶಿಯಾದ ರುಸ್ತುಮ್ ಮತ್ತು ಇಸ್ಫಂದಿಯಾರರ ಕಥೆಗಳನ್ನು ಕಲಿತು ಬಂದು, ಪ್ರವಾದಿವರ್ಯರ(ಸ) ಮಾತಿಗೆ ಜನರು ಕಿವಿಗೊಡದಂತೆ ಮಾಡಲು ಅವುಗಳನ್ನು ಬಳಸಿದನೆಂದು ಚರಿತ್ರೆಯ ಗ್ರಂಥಗಳು ದಾಖಲಿಸಿವೆ. ಅವನ ಅಪರಾಧವೇನು? ಕಥೆ ಹೇಳಿದ್ದಲ್ಲ, ಸತ್ಯದಿಂದ ಜನರನ್ನು ವಿಮುಖಗೊಳಿಸಲು ಕಥೆಯನ್ನು ಬಳಸಿದ್ದು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ, ಇದು ಕಾದಂಬರಿಯೇ ಅಲ್ಲವೇ ಎಂಬುದಲ್ಲ. ಇದು ಓದುಗನನ್ನು ಮನುಷ್ಯರ ಹತ್ತಿರಕ್ಕೆ ಒಯ್ಯುತ್ತದೆಯೇ ಅಥವಾ ಜವಾಬ್ದಾರಿಯಿಂದ ದೂರ ಒಯ್ಯುತ್ತದೆಯೇ ಎಂಬುದಾಗಿದೆ.

ಸುಧಾರಣೆಯ ಕೈಯಲ್ಲಿ ಕಾದಂಬರಿ

ಈ ದೇಶದ ಮುಸ್ಲಿಮ್ ಸುಧಾರಣಾ ಚಳವಳಿಗೂ ಕಾದಂಬರಿಗೂ ಹಳೆಯ ನಂಟಿದೆ. 1869ರಲ್ಲಿ ಡೆಪ್ಯುಟಿ ನಝೀರ್ ಅಹ್ಮದ್‌ರು ಉರ್ದುವಿನಲ್ಲಿ 'ಮಿರ್‌ಆತುಲ್ ಉರೂಸ್' ಎಂಬ ಕೃತಿಯನ್ನು ಪ್ರಕಟಿಸಿದರು. ಉರ್ದುವಿನ ಮೊದಲ ಕಾದಂಬರಿಯೆಂದು ಹಲವರು ಗುರುತಿಸುವ ಈ ಕೃತಿಯನ್ನು ಅವರು ಬರೆದದ್ದು ತಮ್ಮ ಸ್ವಂತ ಹೆಣ್ಣುಮಕ್ಕಳ ಓದಿಗಾಗಿ. ದಿಲ್ಲಿಯ ಇಬ್ಬರು ಸಹೋದರಿಯರು, ಅಕ್ಬರಿ ಮತ್ತು ಅಸ್ಗರಿ. ಹಜ್ ಮಾಡಿ ಬಂದವಳೆಂದು ನಂಬಿಸಿದ ಮೋಸಗಾತಿಯೊಬ್ಬಳ ಮಾತಿಗೆ ಮರುಳಾಗಿ ಅಕ್ಬರಿ ತನ್ನ ಒಡವೆಗಳನ್ನೆಲ್ಲ ಕಳೆದುಕೊಳ್ಳುತ್ತಾಳೆ. ಅಸ್ಗರಿಯೋ, ಮನೆಯ ಲೆಕ್ಕದಲ್ಲಿ ವರ್ಷಗಳಿಂದ ಕಳ್ಳತನ ಮಾಡುತ್ತಿದ್ದ ಕೆಲಸದಾಕೆಯನ್ನು ಪತ್ತೆ ಹಚ್ಚಿ, ಸಾಲದಿಂದ ಮನೆಯನ್ನು ಎತ್ತಿ, ಕೊನೆಗೆ ಮನೆಯಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆಯುತ್ತಾಳೆ. ಹೆಣ್ಣುಮಕ್ಕಳಿಗೆ ಓದು ಯಾಕೆ ಎಂದು ಕೇಳುತ್ತಿದ್ದ ಸಮಾಜಕ್ಕೆ ಆ ಕಥೆ ಕೊಟ್ಟ ಉತ್ತರವನ್ನು ನೂರು ಭಾಷಣಗಳು ಕೊಡಲಾರವು.

ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಮೌಲಾನಾ ಅಶ್ರಫ್ ಅಲಿ ಥಾನವಿಯವರು ತಮ್ಮ 'ಬಹಿಶ್ತಿ ಝೇವರ್'ನಲ್ಲಿ ಹೆಣ್ಣುಮಕ್ಕಳು ಓದಬಾರದ ಪುಸ್ತಕಗಳ ಪಟ್ಟಿಯನ್ನೇ ಕೊಟ್ಟರು. ಅಗ್ಗದ ಮುದ್ರಣದ ಶೃಂಗಾರ ಕಥೆಗಳು ಪೇಟೆಯನ್ನು ತುಂಬಿದ್ದ ಕಾಲವದು. ಅವರ ಆತಂಕಕ್ಕೆ ಕಾರಣವಿತ್ತು. ಆದರೆ ಅದೇ ಗ್ರಂಥವು ಹೆಣ್ಣುಮಗಳಿಗೆ ಅಕ್ಷರಮಾಲೆಯನ್ನೂ ಪತ್ರ ಬರೆಯುವುದನ್ನೂ ಕಲಿಸುವುದರಿಂದ ಆರಂಭವಾಗುತ್ತದೆ ಎಂಬುದನ್ನು ನಾವು ಮರೆಯಬಾರದು. ಅಕ್ಷರ ಕಲಿತವಳು ಯಾವುದನ್ನು ಓದಬೇಕೆಂದು ಒಂದಲ್ಲ ಒಂದು ದಿನ ತಾನೇ ನಿರ್ಧರಿಸುತ್ತಾಳೆ.

ನಝೀರ್ ಅಹ್ಮದ್‌ರ 'ತೌಬತುನ್ನಸೂಹ್' ಪ್ರಕಟವಾದದ್ದು 1874ರಲ್ಲಿ. ಕಾಲರಾ ಪೀಡಿತ ದಿಲ್ಲಿಯಲ್ಲಿ ಸಾವಿನಂಚಿಗೆ ಹೋಗಿ ಮರಳಿದ ನಸೂಹ್ ಪಶ್ಚಾತ್ತಾಪಪಟ್ಟು ತನ್ನ ಕುಟುಂಬವನ್ನು ಸರಿಪಡಿಸಲು ಹೊರಡುತ್ತಾನೆ. ಹಿರಿಯ ಮಗ ಕಲೀಮ್ ಕವಿ, ಸ್ವಾಭಿಮಾನಿ. ಅವನು ಮಣಿಯುವುದಿಲ್ಲ. ಮಗ ಮನೆ ಬಿಟ್ಟು ಹೋದಾಗ ತಂದೆ ಅವನ ಪುಸ್ತಕಗಳನ್ನೆಲ್ಲ ಸುಟ್ಟುಹಾಕುತ್ತಾನೆ. ಲೇಖಕರ ದೃಷ್ಟಿಯಲ್ಲಿ ನಸೂಹನೇ ಆದರ್ಶ ತಂದೆ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ಕೊನೆಗೆ ಸಾಯುವ ಕಲೀಮ್. ಒಂದೇ ಮನೆಯೊಳಗೆ ತಂದೆಯ ಸತ್ಯವೂ ಮಗನ ನೋವೂ ಇರಬಲ್ಲವೆಂದು ಆ ಪುಸ್ತಕ, ಬಹುಶಃ ಬರೆದವರ ಉದ್ದೇಶವನ್ನೂ ಮೀರಿ, ನಮಗೆ ತೋರಿಸುತ್ತದೆ. ಮಗನ ಸುಧಾರಣೆಗಾಗಿ ಹೊರಟು ಮಗನನ್ನೇ ಕಳೆದುಕೊಂಡ ತಂದೆಯಂದಿರು ಇಂದೂ ನಮ್ಮ ನಡುವೆ ಇದ್ದಾರೆ.

ಚಂದ್ರಗಿರಿಯ ಪ್ರಶ್ನೆ

ಇನ್ನು ನಮ್ಮದೇ ಕನ್ನಡಕ್ಕೆ ಬರೋಣ. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕರ್ ಆ ಪ್ರದೇಶದಲ್ಲಿ ಶಾಲಾ ಶಿಕ್ಷಣ ಪೂರೈಸಿದ ಮೊದಲ ಮುಸ್ಲಿಮ್ ಹೆಣ್ಣುಮಕ್ಕಳಲ್ಲಿ ಒಬ್ಬರು. ಓದುವ ಹಂಬಲವಿದ್ದರೂ ಅವರಿಗೆ ಗ್ರಂಥಾಲಯವೊಂದರ ಸದಸ್ಯತ್ವ ಸಿಕ್ಕಿದ್ದು 1963ರಲ್ಲಷ್ಟೇ. ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಬಳಿಕ ಪುಸ್ತಕವಾಯಿತು. ಒಮ್ಮೆ ಕೈಗೆತ್ತಿಕೊಂಡರೆ ಮುಗಿಸದೆ ಕೆಳಗಿಡಲಾಗದ ಸಣ್ಣ ಕಾದಂಬರಿ ಅದು.

ಕಥೆಯನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ನಾದಿರಾ ಮತ್ತು ರಶೀದ್ ಪರಸ್ಪರ ಪ್ರೀತಿಸುವ ದಂಪತಿ. ತೊಟ್ಟಿಲಲ್ಲಿ ಮಗುವಿದೆ. ನಾದಿರಾಳ ತಂದೆ ಮಹಮ್ಮದ್ ಖಾನನ ಹಟ ಮತ್ತು ಹಣದ ವಿಚಾರದ ಮನಸ್ತಾಪದಿಂದಾಗಿ ಅವರು ಬೇರೆಯಾಗುತ್ತಾರೆ, ತಲಾಕ್ ಆಗುತ್ತದೆ. ಮತ್ತೆ ಒಂದಾಗಲು ಇಬ್ಬರೂ ಬಯಸಿದಾಗ, ಅವಳು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬರಬೇಕೆಂಬ ಷರತ್ತು ಎದುರಾಗುತ್ತದೆ. ಮಸೀದಿಯ ಕೊಳದಲ್ಲಿ ಅವಳ ಕಥೆ ಮುಗಿಯುತ್ತದೆ.

ಈ ಕಾದಂಬರಿ ಬಂದಾಗ ಸಮುದಾಯದಲ್ಲಿ ಕೋಲಾಹಲವೆದ್ದಿತು. ಧರ್ಮಕ್ಕೆ ಅವಮಾನವಾಯಿತೆಂದು ಅನೇಕರು ಸಿಟ್ಟಾದರು. ಸಿಟ್ಟಾದವರಲ್ಲಿ ಪುಸ್ತಕವನ್ನು ಓದದವರೂ ಇದ್ದರು. ಆದರೆ ತಣ್ಣಗೆ ಕುಳಿತು ಯೋಚಿಸೋಣ. ದಂಪತಿಯ ನಡುವೆ ವಿರಸ ಮೂಡಿದಾಗ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಕುರ್‌ಆನ್ ಆದೇಶಿಸಿದೆ. ತಲಾಕ್‌ಗೆ ಅವಧಿಯನ್ನೂ ಮರಳಿ ಕೂಡುವ ಅವಕಾಶವನ್ನೂ ಇಟ್ಟಿದೆ. ಮೊದಲ ಗಂಡನಿಗೆ ಹೆಣ್ಣನ್ನು ಮರಳಿಸುವುದಕ್ಕಾಗಿಯೇ ಏರ್ಪಡಿಸುವ ಮದುವೆಯನ್ನು, ಅದನ್ನು ಮಾಡುವವನನ್ನೂ ಮಾಡಿಸುವವನನ್ನೂ, ಹದೀಸ್ ಶಪಿಸಿದೆ. ಹಾಗಿರುವಾಗ ನಾದಿರಾಳನ್ನು ಕೊಳಕ್ಕೆ ದೂಡಿದ್ದು ಇಸ್ಲಾಮೇ? ಖಂಡಿತ ಅಲ್ಲ. ಇಸ್ಲಾಮಿನ ಹೆಸರಿನಲ್ಲಿ ನಮ್ಮ ಮೊಹಲ್ಲಾಗಳು ಪೋಷಿಸಿದ ಅಜ್ಞಾನ. ಲೇಖಕಿಯ ಎಲ್ಲ ನಿಲುವುಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅವರು ತೋರಿಸಿದ ಗಾಯ ನಿಜವಾಗಿತ್ತು. ಆ ದಿನಗಳಲ್ಲಿ ಪ್ರತಿ ಜಮಾಅತ್‌ನಲ್ಲೂ ಈ ಕಾದಂಬರಿಯನ್ನು ಓದಿ, ಧರ್ಮದ ನೈಜ ನಿಯಮವೇನೆಂದು ಜುಮಾ ಪ್ರವಚನಗಳಲ್ಲಿ ತಿಳಿಸಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು!

ನಾವು ಹಾಗೆ ಮಾಡಲಿಲ್ಲ. ಪರಿಣಾಮವೇನಾಯಿತು? ದಶಕಗಳ ಬಳಿಕ ಅದೇ ಪ್ರಶ್ನೆ ಸುಪ್ರೀಮ್ ಕೋರ್ಟಿನ ಮುಂದೆ ಬಂತು. ಒಂದೇ ಉಸಿರಿನ ತ್ರಿವಳಿ ತಲಾಕನ್ನು 2017ರ ಆಗಸ್ಟ್ 22ರಂದು ನ್ಯಾಯಾಲಯ ಅಸಿಂಧುಗೊಳಿಸಿತು. 2019ರಲ್ಲಿ ಸಂಸತ್ತು ಅದನ್ನು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಗಿಸಿತು. ಇತರರ ವಿಚ್ಛೇದನ ಸಿವಿಲ್ ವಿಷಯ, ಮುಸ್ಲಿಮನದ್ದು ಮಾತ್ರ ಕ್ರಿಮಿನಲ್ ಯಾಕೆ ಎಂಬ ನಮ್ಮ ಪ್ರಶ್ನೆ ನ್ಯಾಯಯುತವೇ. ಆದರೆ ನಮ್ಮದೇ ಸಹೋದರಿಯೊಬ್ಬಳು ನಮ್ಮದೇ ಭಾಷೆಯಲ್ಲಿ ಕಣ್ಣೀರಿನಿಂದ ಹೇಳಿದಾಗ ಕೇಳದ ಮಾತನ್ನು, ನಮ್ಮ ಮೇಲೆ ಪ್ರೀತಿಯಿಲ್ಲದವರು ಅಧಿಕಾರದ ಭಾಷೆಯಲ್ಲಿ ಹೇಳಿದಾಗ ಕೇಳಬೇಕಾಯಿತು. ಸಾರಾ ಅಬೂಬಕರ್ 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಕಾದಂಬರಿ ಎತ್ತಿದ ಪ್ರಶ್ನೆ ಅವರಿಗಿಂತ ದೀರ್ಘಾಯುಷಿ.

ನಮ್ಮನ್ನು ಯಾರು ಬರೆಯಬೇಕು?

ಮುಸ್ಲಿಮನೆಂದರೆ ಯಾರೆಂಬುದನ್ನು ಈ ದೇಶದ ಬಹುಪಾಲು ಜನರು ತಿಳಿಯುವುದು ಟಿವಿ ಚರ್ಚೆಗಳಿಂದ ಮತ್ತು ಸಿನೆಮಾಗಳಿಂದ. ಅಲ್ಲಿ ಅವನಿಗೆ ಹೆಸರಿರುತ್ತದೆ, ಮನೆ ಇರುವುದಿಲ್ಲ. ಸಾಲದ ಚಿಂತೆ, ಮಗಳ ಪರೀಕ್ಷೆಯ ಆತಂಕ, ತಾಯಿಯ ಮಂಡಿನೋವು ಯಾವುದೂ ಇರುವುದಿಲ್ಲ. ಕಾದಂಬರಿ ಅವನಿಗೆ ಇವೆಲ್ಲವನ್ನೂ ಮರಳಿಸುತ್ತದೆ. ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿ ಭೂಪಟದಲ್ಲಿಲ್ಲದ ಊರು. ಆದರೂ ಆ ಊರಿನ ಮುಸ್ಲಿಮರು ನಗುತ್ತಾರೆ, ಜಗಳವಾಡುತ್ತಾರೆ, ನೆರೆಯ ಹಿಂದೂ ಕುಟುಂಬದೊಂದಿಗೆ ಬಾಳುತ್ತಾರೆ. ಸಾವಿರಕ್ಕೂ ಹೆಚ್ಚು ಪುಟಗಳ ಅವರ 'ಸ್ವಾತಂತ್ರ್ಯದ ಓಟ' 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹಾಸನದ ಬಾನು ಮುಷ್ತಾಕ್‌ರ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಲಭಿಸಿತು. ಕನ್ನಡದ ಕೃತಿಯೊಂದಕ್ಕೆ ಈ ಗೌರವ ಸಂದದ್ದು ಅದೇ ಮೊದಲು. ಅವು ನಮ್ಮ ಮನೆಗಳ ಹೆಣ್ಣುಮಕ್ಕಳ ಕಥೆಗಳು. ಜಗತ್ತು ಓದಿದ ಆ ಪುಸ್ತಕ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ?

ಇಂಗ್ಲಿಷ್ ಓದಬಲ್ಲ ಯುವಜನರಿಗೆ ಎರಡು ಕಾದಂಬರಿಗಳನ್ನು ಸೂಚಿಸುತ್ತೇನೆ. ಸುಡಾನ್ ಮೂಲದ ಲೈಲಾ ಅಬುಲೇಲಾರ 'ಮಿನರೆಟ್' 2005ರಲ್ಲಿ ಪ್ರಕಟವಾಯಿತು. ಖಾರ್ತೂಮಿನ ಶ್ರೀಮಂತ ಮನೆತನದ ನಜ್ವಾ, ಕ್ಷಿಪ್ರಕ್ರಾಂತಿಯ ಬಳಿಕ ಎಲ್ಲವನ್ನೂ ಕಳೆದುಕೊಂಡು ಲಂಡನಿನಲ್ಲಿ ಮನೆಗೆಲಸದವಳಾಗುತ್ತಾಳೆ. ಅಲ್ಲಿನ ಮಸೀದಿಯ ಸ್ತ್ರೀಯರ ಸಹವಾಸದಲ್ಲಿ ಧರ್ಮವನ್ನು ಕಂಡುಕೊಳ್ಳುತ್ತಾಳೆ. ಅವಳ ಶಿರವಸ್ತ್ರ ಯಾರೋ ಹೇರಿದ್ದಲ್ಲ. 2022ರಲ್ಲಿ ನಮ್ಮ ರಾಜ್ಯದ ವಿದ್ಯಾರ್ಥಿನಿಯರ ತಲೆಯ ಮೇಲಿನ ಬಟ್ಟೆಯ ಬಗ್ಗೆ ಇಡೀ ದೇಶ ಮಾತಾಡಿತು. ಆ ತಲೆಯೊಳಗೆ ಏನಿದೆಯೆಂದು ಕೇಳಿದವರು ಎಷ್ಟು ಮಂದಿ? ಅದನ್ನು ಕೇಳುವುದೇ ಕಾದಂಬರಿಯ ಕೆಲಸ.

ಎರಡನೆಯದು ಕಮೀಲಾ ಶಂಸಿಯವರ 'ಹೋಮ್ ಫೈರ್'. 2017ರಲ್ಲಿ ಪ್ರಕಟವಾದ ಇದು ಮರುವರ್ಷ ಬ್ರಿಟನಿನ ವಿಮೆನ್ಸ್ ಪ್ರೈಝ್ ಪಡೆಯಿತು. ವಿಮಾನ ನಿಲ್ದಾಣದ ವಿಚಾರಣಾ ಕೊಠಡಿಯಲ್ಲಿ ಕುಳಿತ ಇಸ್ಮಾ ಎಂಬ ಯುವತಿಯಿಂದ ಕಥೆ ಆರಂಭ. ಅವಳ ತಮ್ಮ ಪರ್ವೇಝ್ ಉಗ್ರರ ಬಲೆಗೆ ಬಿದ್ದು ಸಿರಿಯಾಕ್ಕೆ ಹೋಗಿದ್ದಾನೆ. ಅವನು ಬಿದ್ದದ್ದು ಹೇಗೆ? ತಾನು ಕಾಣದ ತಂದೆಯ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೊರಗಿನವನೊಬ್ಬ ಬಂದು ಆ ತಂದೆಯ ಬಗ್ಗೆ ವೀರಕಥೆಗಳನ್ನು ಹೇಳಿದ. ಮನೆಯವರ ಮೌನ ಬಿಟ್ಟ ತೆರವನ್ನು ಬೇಟೆಗಾರನ ಕಥೆ ತುಂಬಿತು. ಪುಟ ತಿರುಗಿಸುತ್ತಾ ಹೋದಂತೆ ಎದೆಬಡಿತ ಹೆಚ್ಚಿಸುವ ಈ ಕಾದಂಬರಿಯಿಂದ ತಂದೆ ತಾಯಂದಿರು ಕಲಿಯಬೇಕಾದದ್ದು ಬಹಳಷ್ಟಿದೆ.

ಆಕ್ಷೇಪಗಳು

ಕಾದಂಬರಿಯೆಂದರೆ ಸುಳ್ಳಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೇಳುಗನನ್ನು ವಂಚಿಸುವುದು ಸುಳ್ಳು. ಕಾದಂಬರಿಕಾರನೂ ಓದುಗನೂ ಇದು ಕಲ್ಪನೆಯೆಂದು ತಿಳಿದೇ ಕುಳಿತಿರುತ್ತಾರೆ, ಅಲ್ಲಿ ವಂಚನೆಯಿಲ್ಲ. ಅಶ್ಲೀಲವಿರುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಕೆಲವದರಲ್ಲಿ ಇರುತ್ತದೆ. ದೇಹವನ್ನೇ ಸರಕಾಗಿಸಿ ಮಾರುವ ಪುಸ್ತಕಗಳನ್ನು, ದ್ವೇಷವನ್ನು ರೋಚಕವಾಗಿ ಉಣಿಸುವ ಪುಸ್ತಕಗಳನ್ನು ತಿರಸ್ಕರಿಸಲೇಬೇಕು. ಪೇಟೆಯಲ್ಲಿ ಕೊಳೆತ ಹಣ್ಣಿದೆಯೆಂದು ನಾವು ಹಣ್ಣು ತಿನ್ನುವುದನ್ನು ಬಿಡುವುದಿಲ್ಲ, ಆರಿಸಿ ತರುತ್ತೇವೆ. ಇನ್ನು ಸಮಯದ ಪ್ರಶ್ನೆ. ನಮಾಝನ್ನೂ ಅಧ್ಯಯನವನ್ನೂ ತಾಯಿಯ ಕರೆಯನ್ನೂ ಮರೆಸುವ ಓದು ಓದಲ್ಲ. ಇತಿಮಿತಿ ಎಲ್ಲದಕ್ಕೂ ಬೇಕು.

ಹಾಗಾದರೆ ಏನು ಮಾಡಬೇಕು? ಮಗ ಅಥವಾ ಮಗಳು ಕಾದಂಬರಿ ಓದುತ್ತಿದ್ದರೆ ಕಿತ್ತುಕೊಳ್ಳಬೇಡಿ, ಕಥೆ ಏನೆಂದು ಕೇಳಿ. ಅದರಲ್ಲಿ ನಿನಗೆ ಯಾರು ಇಷ್ಟವಾದರು, ಯಾಕೆ ಎಂದು ಕೇಳಿ. ನೇರವಾಗಿ ಕೇಳಿದರೆ ಹೇಳದ ತಮ್ಮ ಮನಸ್ಸನ್ನು ಮಕ್ಕಳು ಪಾತ್ರವೊಂದರ ನೆಪದಲ್ಲಿ ತೆರೆದಿಡುತ್ತಾರೆ. ಸಾಧ್ಯವಾದರೆ ನೀವೂ ಅದನ್ನು ಓದಿ. ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡುವ ನಾವು ಮನೆ ಕಟ್ಟುವಾಗ ಪುಸ್ತಕಕ್ಕೊಂದು ಕಪಾಟು ಇಡೋಣ. ಜಮಾಅತ್‌ನ ಸಭಾಂಗಣದಲ್ಲಿ ಧಾರ್ಮಿಕ ಗ್ರಂಥಗಳ ಪಕ್ಕದಲ್ಲಿ ಒಳ್ಳೆಯ ಕಾದಂಬರಿಗಳಿಗೂ ಒಂದು ಸಾಲು ಇರಲಿ. ಮಹಿಳೆಯರು ತಿಂಗಳಿಗೊಮ್ಮೆ ಕಲೆತು, ಓದಿದ ಒಂದು ಪುಸ್ತಕದ ಬಗ್ಗೆ ಮಾತಾಡಲಿ. ಮುಸ್ಲಿಮರು ಬರೆದದ್ದನ್ನಷ್ಟೇ ಓದಬೇಕೆಂದು ನಾನು ಹೇಳುವುದಿಲ್ಲ. ನೆರೆಮನೆಯವನ ದುಃಖ ತಿಳಿಯಬೇಕಾದರೆ ಅವನ ಕಥೆಯನ್ನೂ ಓದಬೇಕು.

ಯುವಜನರಿಗೆ ಕೊನೆಯದಾಗಿ ಒಂದು ಮಾತು. ಓದಿ ತೃಪ್ತರಾಗಬೇಡಿ, ಬರೆಯಿರಿ. ಕರಾವಳಿಯಲ್ಲಿ ಬೀಡಿ ಸುತ್ತಿ ಮಕ್ಕಳನ್ನು ಓದಿಸಿದ ಬ್ಯಾರಿ ತಾಯಂದಿರಿದ್ದಾರೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ಗೂಡಿನ ಬಿಸಿನೀರಿಗೆ ಕೈಯೊಡ್ಡಿ ಬಾಳಿದವರಿದ್ದಾರೆ. ಕೊಲ್ಲಿಯಲ್ಲಿ ಯೌವನ ಕಳೆದು ನರೆಗೂದಲಿನೊಂದಿಗೆ ಮರಳಿದ ಗಂಡಸರಿದ್ದಾರೆ. ಕಾಲೇಜಿನ ಗೇಟಿನಲ್ಲಿ ತಡೆಯಲ್ಪಟ್ಟ ವಿದ್ಯಾರ್ಥಿನಿಯರಿದ್ದಾರೆ. ಇವರ ಕಥೆಗಳು ಕನ್ನಡದಲ್ಲಿ ಬರೆಯಲ್ಪಡಲು ಕಾದಿವೆ. ನೀವು ಬರೆಯದಿದ್ದರೆ ಇತರರು ಬರೆಯುತ್ತಾರೆ. ಅವರು ಹೇಗೆ ಬರೆಯುತ್ತಾರೆಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ.

ಲೇಖನಿಯ ಮೂಲಕ ಮನುಷ್ಯನಿಗೆ ಕಲಿಸಿದ ಅಲ್ಲಾಹನು ನಮಗೆ ಓದುವ ತಾಳ್ಮೆಯನ್ನೂ, ಓದಿದ್ದರಲ್ಲಿ ಒಳಿತನ್ನು ಆರಿಸುವ ವಿವೇಕವನ್ನೂ, ಇನ್ನೊಬ್ಬರ ನೋವನ್ನು ತನ್ನದೆಂದು ಭಾವಿಸುವ ಹೃದಯವನ್ನೂ ಅನುಗ್ರಹಿಸಲಿ. ಆಮೀನ್.